ಜಲಸಂಧಿಯ ನೋಟ್ಸು

ನಾನು ಒಬ್ಬ ಹುಡುಗಿಯ ಒಂದು ವರ್ಷ ಹಾಳುಮಾಡಿದೆ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡಬೇಕು, ಇಲ್ಲದಿದ್ದರೆ ಸುತ್ತಿ ಬಳಸಿ ಯುರೋಪಿನ ಇತಿಹಾಸ ಹೇಳುತ್ತ ಕೂತುಬಿಡುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು. ಆಗಿ ಇಪ್ಪತ್ತು ವರ್ಷದ ಮೇಲಾಯಿತು. ಹೆಂಡತಿಯೊಬ್ಬಳನ್ನು ಬಿಟ್ಟರೆ ಯಾರಿಗೂ ಹೇಳಿಲ್ಲ. ಅವಳಿಗೂ ಅರ್ಧವೇ ಹೇಳಿದ್ದು.

ಧಾರವಾಡದ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷ ಇತಿಹಾಸ ಕಲಿಸಿದೆ. ಕಲಿಸಿದೆ ಅನ್ನುವುದಕ್ಕಿಂತ ಬರೆಸಿದೆ ಅನ್ನಬೇಕು. ನಮ್ಮ ಕಡೆ ಪಾಠ ಅಂದರೆ ನೋಟ್ಸು. ಮಾಸ್ತರರು ಒಳಗೆ ಬರುತ್ತಾರೆ, ಹಾಜರಿ ತೆಗೆದುಕೊಳ್ಳುತ್ತಾರೆ, ಹಾಳೆ ಬಿಡಿಸಿ ನಿಧಾನವಾಗಿ ಓದುತ್ತಾರೆ. ಇಡೀ ಕ್ಲಾಸು ತಲೆ ತಗ್ಗಿಸಿ ಬರೆದುಕೊಳ್ಳುತ್ತದೆ. ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಕಕ್ಕಿದವನು ಜಾಣ. ನನ್ನ ನೋಟ್ಸು ನನ್ನ ಗುರುಗಳದು. ಎಂ.ಎ. ಓದುವಾಗ ಅವರು ಇಂಗ್ಲಿಷಿನಲ್ಲಿ ಬರೆಸಿದ್ದನ್ನು ನಾನು ಹೊಸ ಹಾಳೆಗೆ ಇಳಿಸಿಕೊಂಡು, ಲೆಕ್ಚರರ್ ಆದ ಮೇಲೆ ಅದನ್ನೇ ಬರೆಸುತ್ತ ಬಂದೆ. ಅವರ ಇಂಗ್ಲಿಷ್ ಕೇಳಿ ನಾವೆಲ್ಲ ಬೆರಗಾಗುತ್ತಿದ್ದೆವು. ಇಷ್ಟು ಚಂದದ ವಾಕ್ಯಗಳು ಇವರ ತಲೆಯಲ್ಲಿ ಹೇಗೆ ಹುಟ್ಟುತ್ತವೆ ಅಂತ ಒಬ್ಬನೂ ಕೇಳಲಿಲ್ಲ. ಗುರುಗಳನ್ನು ಹಾಗೆಲ್ಲ ಕೇಳುವುದುಂಟೇ?

ತೊಂಬತ್ತರ ದಶಕದ ನಡುವಿನಲ್ಲಿ ನಾವು ಗಂಡಹೆಂಡತಿ ಟೊರಾಂಟೊಕ್ಕೆ ಬಂದೆವು. ನನ್ನ ಎಂ.ಎ., ಬಿ.ಎಡ್. ಕಾಗದಗಳನ್ನು ಇಲ್ಲಿ ಯಾರೂ ಮೂಸಿ ನೋಡಲಿಲ್ಲ. ಎಟೋಬಿಕೋಕ್‌ನ ಒಂದು ಕಾರ್ಖಾನೆಯಲ್ಲಿ ಬಿಸ್ಕತ್ತಿನ ಪೊಟ್ಟಣಗಳನ್ನು ರಟ್ಟಿನ ಡಬ್ಬಿಗೆ ತುಂಬುವ ಕೆಲಸ ಸಿಕ್ಕಿತು. ತಲೆಗೆ ಬಲೆ ಟೋಪಿ, ಕೈಗೆ ಗ್ಲೌಸು. ಮಗನ ವಯಸ್ಸಿನ ಸೂಪರ್‌ವೈಸರ್ ನನ್ನನ್ನು 'ಬಡ್ಡಿ', ಅಂದರೆ ದೋಸ್ತ, ಅಂತ ಕರೆಯುತ್ತಿದ್ದ. ಕರೆಯಲಿ ಬಿಡಿ, ಅವನು ಒಳ್ಳೆಯವನೇ. ಆದರೆ ಹದಿನಾಲ್ಕು ವರ್ಷ 'ಸರ್' ಅನ್ನಿಸಿಕೊಂಡ ಕಿವಿಗೆ ಅದು ಪ್ರತಿ ದಿನ ಚುಚ್ಚುತ್ತಿತ್ತು.

ಹೀಗಿರುವಾಗ ಒಂದು ಯುಗಾದಿಯ ಊಟದಲ್ಲಿ ಹುಬ್ಬಳ್ಳಿಯವರೊಬ್ಬರು ಪರಿಚಯವಾದರು. ಸಿಟಿ ಬಸ್ ಓಡಿಸುತ್ತಿದ್ದರು, ಪಕ್ಕದ ಮಿಸಿಸಾಗಾದ ಎರಿನ್ ಮಿಲ್ಸ್‌ನಲ್ಲಿ ಮನೆ. ನಾನು ಇತಿಹಾಸ ಕಲಿಸುತ್ತಿದ್ದೆ ಅಂತ ತಿಳಿದದ್ದೇ ತಡ, ತಟ್ಟೆ ಕೆಳಗಿಟ್ಟು ಕೈ ಮುಗಿದುಬಿಟ್ಟರು.

"ಸರ, ನೀವು ನಮಗ ದೇವರು ಸಿಕ್ಕಂಗ ಸಿಕ್ರಿ ನೋಡ್ರಿ. ನಮ್ಮ ಹುಡುಗಿ ಹಿಸ್ಟರಿ ತಗೊಂಡಾಳ್ರಿ. ಸ್ವಲ್ಪ ಹೇಳಿಕೊಟ್ರ ಭಾಳ ಉಪಕಾರ ಆಕ್ಕೈತಿ."

'ಸರ' ಅನ್ನುವ ಒಂದು ಶಬ್ದಕ್ಕೆ ನಾನು ಕರಗಿಹೋದೆ. ಮುಂದಿನ ಶನಿವಾರವೇ ಎರಡು ಬಸ್ ಬದಲಿಸಿ ಅವರ ಮನೆಗೆ ಹೋದೆ.

ಹುಡುಗಿಗೆ ಆಗ ಹದಿನೆಂಟು. ಆ ಕಾಲಕ್ಕೆ ಇಲ್ಲಿ ಹೈಸ್ಕೂಲಿನಲ್ಲಿ ಹನ್ನೆರಡರ ಮೇಲೆ ಹದಿಮೂರನೆಯ ವರ್ಷವೂ ಇತ್ತು. ಅದರ ಅಂಕ ನೋಡಿಯೇ ಯೂನಿವರ್ಸಿಟಿಯವರು ಸೀಟು ಕೊಡುತ್ತಿದ್ದರು. ಅವಳಿಗೆ ಸೀಟು ಆಗಲೇ ಬಂದಿತ್ತು, ಆದರೆ ಷರತ್ತಿನ ಮೇಲೆ: ಇತಿಹಾಸದಲ್ಲಿ ಅಂಕ ಇಳಿಯಬಾರದು. ಆ ಅಂಕದ ಬಹುಪಾಲು ಒಂದು ದೊಡ್ಡ ಪ್ರಬಂಧಕ್ಕಿತ್ತು. ಯುದ್ಧಕಾಲದಲ್ಲಿ ಒಂದು ಜಲಮಾರ್ಗದ ಹಿಡಿತ ಸಾಮ್ರಾಜ್ಯಗಳ ನಡುವಿನ ಮಾತುಕತೆಯನ್ನು ಹೇಗೆ ತಿರುಗಿಸಿತು ಅನ್ನುವುದು ವಿಷಯ. ಅವಳು ಆರಿಸಿಕೊಂಡದ್ದು ದಾರ್ಡನೆಲ್ಸ್ ಜಲಸಂಧಿ, ಮೊದಲ ಮಹಾಯುದ್ಧ. ನನ್ನ ಬತ್ತಳಿಕೆಯ ಬಾಣವೇ ಅದು! ನನ್ನ ನೋಟ್ಸಿನಲ್ಲಿ ಅದಕ್ಕೆ ಒಂದು ಇಡೀ ಅಧ್ಯಾಯವಿತ್ತು.

ಅಡುಗೆಮನೆಯ ಟೇಬಲ್ಲಿನ ಮೇಲೆ ಅವಳು ನಕಾಶೆ ಹರಡಿ ಕೂತಿದ್ದಳು. ಕಪ್ಪು ಸಮುದ್ರದಿಂದ ಮೆಡಿಟರೇನಿಯನ್‌ಗೆ ಹೋಗುವ ಆ ಸಣ್ಣ ನೀರಿನ ಗೆರೆಗೆ ಹಳದಿ ಬಣ್ಣ ಬಳಿದಿದ್ದಳು.

"ಅಂಕಲ್, ಇದು ಎಷ್ಟ್ ಸ್ಕಿನ್ನಿ ಅದ ನೋಡ್ರಿ! ಬಟ್ ಹೋಲ್ ರಷ್ಯಾ ಇದರ ಹಿಂದ ಸ್ಟಕ್, ರೈಟ್?"

ಅವಳಪ್ಪ ಬಗ್ಗಿ ನೋಡಿ, "ನಮ್ಮ ಉಣಕಲ್ ಕೆರಿ ದಾಟಿದಂಗ ಆತಲ್ಲ ಇದು," ಅಂದರು. ಇಬ್ಬರೂ ನಕ್ಕರು. ನಾನು ನಗಲಿಲ್ಲ, ಮಾಸ್ತರನಲ್ಲವೇ.

ಅವಳು ಆಗಲೇ ಆರು ಪುಟ ಬರೆದಿದ್ದಳು, ತನ್ನದೇ ಮಾತಿನಲ್ಲಿ. ಇವತ್ತು ನೆನೆಸಿಕೊಂಡರೆ ಆ ಆರು ಪುಟ ನಾನು ಹದಿನಾಲ್ಕು ವರ್ಷದಲ್ಲಿ ಹೇಳಿದ ಎಲ್ಲ ಪಾಠಕ್ಕಿಂತ ಚೆನ್ನಾಗಿದ್ದವು. ತುರ್ಕರ ಸಾಮ್ರಾಜ್ಯ ಆಗ ಮುಪ್ಪಾಗಿ ಮೂಲೆ ಹಿಡಿದಿತ್ತು, ಎಲ್ಲರೂ ಅದರ ಸಾವಿಗೆ ಕಾಯುತ್ತಿದ್ದರು. ಆದರೆ ಬಾಗಿಲು ಅವರ ಕೈಯಲ್ಲಿತ್ತು, ಆದ್ದರಿಂದ ಬಲಾಢ್ಯರೆಲ್ಲ ಅವರ ಮನೆ ಮುಂದೆ ಸಾಲುಗಟ್ಟಿ ನಿಂತರು ಅಂತ ಬರೆದಿದ್ದಳು. ಯುದ್ಧ ಶುರುವಾದಾಗ ಬ್ರಿಟಿಷರು ಬೆನ್ನಟ್ಟಿದ ಎರಡು ಜರ್ಮನ್ ಯುದ್ಧನೌಕೆಗಳು ಓಡಿಬಂದವು. ತುರ್ಕರು ಅವನ್ನು ಒಳಗೆ ಬಿಟ್ಟುಕೊಂಡರು, ಕೆಲವೇ ವಾರದಲ್ಲಿ ಉಳಿದವರಿಗೆಲ್ಲ ಬಾಗಿಲು ಹಾಕಿದರು. ರಷ್ಯಾದ ಗೋಧಿ ಬಂದರಿನಲ್ಲೇ ಉಳಿಯಿತು, ಅದಕ್ಕೆ ಬರಬೇಕಾದ ಮದ್ದುಗುಂಡು ಹೊರಗೇ ಉಳಿಯಿತು.

ಆಗ ಬ್ರಿಟನ್ನಿಗೆ ಹೆದರಿಕೆಯಾಯಿತು: ರಷ್ಯಾ ಎಲ್ಲಿ ಜರ್ಮನಿಯ ಜೊತೆ ರಾಜಿ ಮಾಡಿಕೊಂಡುಬಿಡುತ್ತದೋ ಅಂತ. ಈ ಜಲಸಂಧಿ ರಷ್ಯಾಕ್ಕೆ ದಕ್ಕಬಾರದು ಅಂತ ತಲೆಮಾರುಗಟ್ಟಲೆ ಹಟ ಹಿಡಿದ ಬ್ರಿಟನ್, ಫ್ರಾನ್ಸನ್ನೂ ಸೇರಿಸಿಕೊಂಡು ಗುಟ್ಟಾಗಿ ಅದಕ್ಕೇ ಪತ್ರ ಬರೆಯಿತು. ಯುದ್ಧ ಗೆದ್ದರೆ ಜಲಸಂಧಿಯೂ ನಿನ್ನದು, ಕಾನ್‌ಸ್ಟಾಂಟಿನೋಪಲ್ ಪಟ್ಟಣವೂ ನಿನ್ನದು. ತನ್ನದಲ್ಲದ ಊರನ್ನು, ಇನ್ನೂ ಗೆಲ್ಲದ ಊರನ್ನು, ಗೆಳೆಯನ ನಿಷ್ಠೆಗೆ ಬೆಲೆಯಾಗಿ ಕೊಟ್ಟದ್ದು. ಕೊನೆಯ ಪುಟದಲ್ಲಿ ಹುಡುಗಿ ಒಂದು ಪ್ರಶ್ನೆ ಬರೆದಿದ್ದಳು: ಆ ಊರಿನಲ್ಲಿ ಬಾಳುತ್ತಿದ್ದ ಮಂದಿಯನ್ನು ಯಾರಾದರೂ ಒಂದು ಮಾತು ಕೇಳಿದರೇ?

ನಾನು ಕೆಂಪು ಪೆನ್ನು ತೆಗೆದು ಆ ಪ್ರಶ್ನೆಯ ಮೇಲೆ ಅಡ್ಡಗೆರೆ ಎಳೆದೆ.

"ಇದೆಲ್ಲಾ ನಿನ್ನ ಅಭಿಪ್ರಾಯ ಆತು, ತಂಗಿ. ಪೇಪರ್ ನೋಡೋರಿಗೆ ನಿನ್ನ ಅಭಿಪ್ರಾಯ ತಗೊಂಡು ಏನ್ ಮಾಡೂದದ? ನಾ ಹೇಳ್ತೀನಿ, ನೀ ಬರಕೋ."

"ಬಟ್ ಅಂಕಲ್, ಮಿಸ್ ಹೇಳ್ಯಾರ, ಇನ್ ಯುವರ್ ಓನ್ ವರ್ಡ್ಸ್ ಅಂತ."

"ನಿಮ್ಮ ಮಿಸ್ ಎಷ್ಟ್ ಓದ್ಯಾರ? ಇದು ಎಂ.ಎ. ನೋಟ್ಸ್."

ಅಷ್ಟರಲ್ಲಿ ಅವಳಪ್ಪ, "ಸರ ಹೇಳಿದ್ದು ತಿಳಕೋಳವಾ, ಎದುರು ಮಾತಾಡಬ್ಯಾಡ," ಅಂತ ಗದರಿಸಿ, ಇಬ್ಬರನ್ನೇ ಓದಲು ಬಿಟ್ಟು ಡ್ಯೂಟಿಗೆ ಹೊರಟರು. ಮೂರು ಶನಿವಾರ ನಾನು ಓದಿದೆ, ಅವಳು ಬರೆದುಕೊಂಡಳು. ಇಲ್ಲಿ ಕಾಮಾ, ಇಲ್ಲಿ ಸೆಮಿಕೋಲನ್, ಇಲ್ಲಿ ಹೊಸ ಪ್ಯಾರಾ. ಅವಳ ತಾಯಿ ನಡುನಡುವೆ ಚಾ, ಒಗ್ಗರಣೆ ಅವಲಕ್ಕಿ ತಂದಿಡುತ್ತಿದ್ದರು. ವಾರವಿಡೀ ಬಿಸ್ಕತ್ತು ತುಂಬಿದವನಿಗೆ ಆ ಮೂರು ಮಧ್ಯಾಹ್ನ ಸ್ವರ್ಗ. ನಾನು ಬರೆಸಿದ್ದನ್ನೇ ಅವಳು ಟೈಪು ಮಾಡಿ ಶಾಲೆಗೆ ಕೊಟ್ಟಳು. ನಾನೇ ಹಾಗೆ ಮಾಡು ಅಂದಿದ್ದೆ.

ಎರಡು ವಾರದ ಮೇಲೆ ಅವಳ ಫೋನು ಬಂತು.

"ಅಂಕಲ್, ಮಿಸ್ ಅಂತಾರ, ಇದು ಒಂದು ಓಲ್ಡ್ ಬುಕ್‌ನಾಗ ಅದ, ವರ್ಡ್ ಫಾರ್ ವರ್ಡ್. ಪೇಜ್ ನಂಬರ್ ಸಹಿತ ಬರದು ಕೊಟ್ಟಾರ. ನೀವು ಬುಕ್‌ನಿಂದ ತಗೊಂಡ್ರೇನು?"

ನನಗೆ ರೇಗಿತು. "ಏನ್ ಮಾತಾಡ್ತೀ! ನನ್ನ ಗುರುಗಳು ಸ್ವಂತ ಬರದ ನೋಟ್ಸ್ ಅವು. ಕಳ್ಳತನ ಮಾಡಿ ಬದುಕಿದ ಮಂದಿ ಅಲ್ಲ ನಾವು," ಅಂತ ಕೂಗಾಡಿ ಫೋನ್ ಇಟ್ಟೆ. ಆದರೂ ಪುಸ್ತಕದ ಹೆಸರು ಬರೆದುಕೊಂಡಿದ್ದೆ.

ಮರುದಿನ ಸಬ್‌ವೇ ಹಿಡಿದು ಪೇಟೆಯ ದೊಡ್ಡ ಲೈಬ್ರರಿಗೆ ಹೋದೆ. ಕೌಂಟರಿನ ಹೆಂಗಸು ಒಳಗಿನಿಂದ ಪುಸ್ತಕ ತಂದುಕೊಟ್ಟಳು. ನನ್ನ ಗುರುಗಳು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದು. ಆ ಪುಟ ತೆರೆದೆ. ಮೊದಲ ವಾಕ್ಯ ನೋಡಿದವನು ಎರಡನೆಯದನ್ನು ಪುಸ್ತಕ ನೋಡದೆಯೇ ಬಾಯಲ್ಲಿ ಹೇಳಿದೆ. ಮೂರನೆಯದನ್ನೂ. ನಾನು ಹದಿನಾಲ್ಕು ವರ್ಷ 'ಇಲ್ಲಿ ಸೆಮಿಕೋಲನ್' ಅಂತ ಬರೆಸಿದ ಜಾಗದಲ್ಲೇ ಸೆಮಿಕೋಲನ್ ಇತ್ತು. ಕಿವಿ ಬಿಸಿಯಾಗಿ, ಯಾರಾದರೂ ನೋಡುತ್ತಿದ್ದಾರೋ ಅಂತ ಹಿಂದೆ ಮುಂದೆ ನೋಡಿದೆ. ಗುರುಗಳ ಮೇಲೆ ಸಿಟ್ಟು ಬಂತು. ಅವರಿಗೂ ಅವರ ಗುರುಗಳು ಬರೆಸಿದ್ದರೇನೋ, ಯಾರಿಗೆ ಗೊತ್ತು? ಆದರೆ ಆ ಹುಡುಗಿಗೆ ಅದನ್ನು ಬರೆಸಿದವನು, ಅವಳ ಸ್ವಂತ ಮಾತಿನ ಮೇಲೆ ಕೆಂಪು ಗೆರೆ ಎಳೆದವನು ನಾನು. ಅಲ್ಲಿಗೆ ಗುರುಗಳನ್ನು ಎಳೆದು ತಂದು ಪ್ರಯೋಜನವಿಲ್ಲ.

ಸಂಜೆ ಅವಳಿಗೆ ಫೋನು ಮಾಡಿದೆ. ಗುರುವಾರ ಶಾಲೆಯಲ್ಲಿ ವಿಚಾರಣೆಯಂತೆ. ಅವಳ ಮಿಸ್ ಒಳ್ಳೆಯವರು. ನಿನಗೆ ಯಾರಾದರೂ ಬರೆಸಿದ್ದರೆ ಅವರು ಬಂದು ಒಂದು ಮಾತು ಹೇಳಲಿ, ಇನ್ನೊಮ್ಮೆ ಬರೆಯಲು ಅವಕಾಶ ಕೊಡುತ್ತೇನೆ ಅಂದಿದ್ದರಂತೆ. ಇಲ್ಲದಿದ್ದರೆ ಸೊನ್ನೆ. ಸೊನ್ನೆ ಬಂದರೆ ಸೀಟು ಹೋಯಿತು.

ಎದ್ದು ಹೋಗಿ ಐದು ನಿಮಿಷ ಮಾತಾಡಿ ಬರಬೇಕಿತ್ತು. ಅಷ್ಟೇ. ಆದರೆ ಅದೇ ತಿಂಗಳು ನಾನು ಇಲ್ಲಿನ ಶಾಲೆಗಳಲ್ಲಿ ಕಲಿಸುವ ಲೈಸೆನ್ಸಿಗೆ ಅರ್ಜಿ ಹಾಕಿದ್ದೆ. ವರ್ಷಗಟ್ಟಲೆ ಧಾರವಾಡಕ್ಕೆ ಪತ್ರ ಬರೆದು, ಅಂಕಪಟ್ಟಿ ತರಿಸಿ, ಸೀಲು ಹಾಕಿಸಿ ಕಳಿಸಿದ ಅರ್ಜಿ. ಅದರಲ್ಲಿ ನಡತೆಯ ಬಗ್ಗೆ ಒಂದು ಕಾಲಮ್ಮಿತ್ತು. ಒಂದು ಶಾಲೆಗೆ ಹೋಗಿ ನಾನು ಕದ್ದ ನೋಟ್ಸು ಬರೆಸಿದವನು ಅಂತ ಹೇಳಿಕೊಂಡರೆ ಆ ಸುದ್ದಿ ಲೈಸೆನ್ಸಿನವರ ಕಿವಿಗೆ ಬೀಳದೇ ಇರುತ್ತದೆಯೇ? ಬಲೆ ಟೋಪಿ ತೆಗೆಯುವ ಒಂದೇ ದಾರಿ ಅದಾಗಿತ್ತು.

ಹೆಂಡತಿ ಊಟಕ್ಕೆ ಬಡಿಸುತ್ತ, "ಯಾಕ್ರೀ, ಮಾರಿ ಸಣ್ಣ ಮಾಡ್ಕೊಂಡೀರಿ?" ಅಂದಳು. ಪುಸ್ತಕದ ಕತೆ ಹೇಳಿದೆ.

"ಹೋಗಿ ಹೇಳಿ ಬರ್ರಿ. ನಿಮ್ಮ ಗಂಟೇನು ಹೋಗ್ತದ?"

"ನಿನಗ ತಿಳಿಯೂದಿಲ್ಲ ಸುಮ್ನಿರು. ಲೈಸೆನ್ಸ್ ತಡದ್ರು ಅಂದ್ರ?"

"ಕಲಿಸಲಿಕ್ಕೆ ಲೈಸೆನ್ಸ್ ಬೇಕು ಅಂತ ಕಲಿತ ಹುಡುಗೀನ್ನ ನೀರಿಗೆ ದಬ್ಬತೀರೇನು?" ಅಂದಳು. ನಾನು ತಟ್ಟೆ ಸರಿಸಿ ಎದ್ದೆ. ಆಮೇಲೆ ಏನಾಯಿತು ಅಂತ ಅವಳು ಕೇಳಿದಾಗ, ಶಾಲೆಯವರು ಒಪ್ಪಲಿಲ್ಲ ಅಂತ ಸುಳ್ಳು ಹೇಳಿದೆ.

ಬುಧವಾರ ಶಾಲೆ ಬಿಟ್ಟ ಮೇಲೆ ಎರಿನ್ ಮಿಲ್ಸ್‌ನ ಮಾಲಿಗೆ ಬಾ ಅಂತ ಹುಡುಗಿಯನ್ನು ಕರೆದೆ. ಫುಡ್‌ಕೋರ್ಟಿನಲ್ಲಿ ಅವಳಿಗೆ ಫ್ರೈಸ್ ಕೊಡಿಸಿದೆ. ಕೊಡಿಸಿದ್ದು ಯಾಕೆ ಅಂತ ಬರೆಯಲೂ ಹೇಸಿಗೆಯಾಗುತ್ತದೆ. ಅವಳ ಮುಖದಲ್ಲಿ ಗೆಲುವಿತ್ತು. ನಾನು ಬರುತ್ತೇನೆ, ಎಲ್ಲ ಸರಿಹೋಗುತ್ತದೆ ಅಂದುಕೊಂಡೇ ಬಂದಿದ್ದಳು.

"ನೋಡು ತಂಗಿ, ನನ್ನ ಪೇಪರ್ಸ್ ಈಗ ಒಳಗ ಹೋಗ್ಯಾವ. ಇಂಥಾ ಹೊತ್ತಿನಾಗ ನನ್ನ ಹೆಸರು ಬರಬಾರದು. ನನಗ ಲೈಸೆನ್ಸ್ ಬರಲಿ, ನಾನೇ ಯೂನಿವರ್ಸಿಟಿಗೆ ಪತ್ರ ಬರೀತೀನಿ. ದೊಡ್ಡ ದೊಡ್ಡವರ ಕಡೆಯಿಂದ ಶಿಫಾರಸು ಕೊಡಸ್ತೀನಿ."

ಯಾವ ದೊಡ್ಡವರು? ಈ ದೇಶದಲ್ಲಿ ನನಗೆ ಗೊತ್ತಿದ್ದ ಅತಿ ದೊಡ್ಡ ಮನುಷ್ಯ ಬಿಸ್ಕತ್ತಿನ ಸೂಪರ್‌ವೈಸರ್. ಬ್ರಿಟನ್ ತನ್ನದಲ್ಲದ ಊರನ್ನು ಕೊಡುತ್ತೇನೆ ಅಂತ ಪತ್ರ ಬರೆದದ್ದನ್ನು ನಾನು ಮೂರು ಶನಿವಾರ ಬರೆಸಿದ್ದೆ, ಈಗ ಕೂತು ಅದನ್ನೇ ಮಾಡುತ್ತಿದ್ದೆ. ಅವಳು ಆ ಪಾಠ ನನಗಿಂತ ಚೆನ್ನಾಗಿ ಓದಿದ್ದವಳು. ಫ್ರೈಸ್ ಮುಟ್ಟಲಿಲ್ಲ.

"ಸೋ, ನಾನು ಏನ್ ಹೇಳ್ಲಿ?"

"ಲೈಬ್ರರಿ ಬುಕ್ ನೋಡಿ ಬರದೆ ಅನ್ನು."

"ಬಟ್ ನಾನು ಆ ಬುಕ್ ನೋಡೇ ಇಲ್ಲ, ಅಂಕಲ್."

ನಾನು ಫ್ರೈಸಿನ ತಟ್ಟೆಯನ್ನು ಅವಳತ್ತ ಸರಿಸಿದೆ. ಪಕ್ಕದ ಟೇಬಲ್ಲಿನಲ್ಲಿ ಯಾರದೋ ಕೂಸು ಚಮಚ ಬಡಿಯುತ್ತಿತ್ತು. ಅವಳು ಇನ್ನೊಂದು ಕೇಳಿದಳು.

"ಅಪ್ಪಗೂ ಹೇಳಬಾರದೇನು?"

"ಅಪ್ಪಗೂ ಬ್ಯಾಡ," ಅಂದೆ.

"ಓಕೆ," ಅಂದಳು. ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದಳು. ಆಗಲೂ ಎದ್ದು ಹಿಂದೆ ಓಡಬಹುದಿತ್ತು. ಕೂತೇ ಇದ್ದೆ.

ಮುಂದಿನದರಲ್ಲಿ ಸುಲಭವಾಗಿ ಹೇಳಬಹುದಾದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ಗುರುವಾರ ಅವಳು ನಾನು ಹೇಳಿಕೊಟ್ಟಂತೆಯೇ ಹೇಳಿದಳು. ಸೊನ್ನೆ ಹಾಕಿದರು. ಸೀಟು ಹೋಯಿತು, ಗೆಳತಿಯರೆಲ್ಲ ಯೂನಿವರ್ಸಿಟಿಗೆ ಹೋದರು, ಅವಳು ಅದೇ ಶಾಲೆಯಲ್ಲಿ ಅದೇ ವಿಷಯಕ್ಕೆ ಇನ್ನೊಂದು ವರ್ಷ ಕೂತಳು. ನನಗೆ ಲೈಸೆನ್ಸ್ ಬಂತು. ಒಂಬತ್ತು ವರ್ಷ ಮಿಸಿಸಾಗಾದ ಶಾಲೆಗಳಲ್ಲಿ, ರಜೆ ಹಾಕಿದ ಮಾಸ್ತರರ ಬದಲಿಗೆ ಪಾಠ ಮಾಡಿದೆ. ಅದೇ ಜಲಸಂಧಿಯನ್ನು ಕಲಿಸುವ ಸರದಿ ಎರಡು ಸಲ ಬಂತು. ರಷ್ಯಾದಲ್ಲಿ ಕ್ರಾಂತಿಯಾಗಿ, ಹೊಸ ಸರಕಾರ ಆ ಗುಪ್ತ ಪತ್ರಗಳನ್ನೆಲ್ಲ ಹೊರಗೆಳೆದು ಪತ್ರಿಕೆಯಲ್ಲಿ ಅಚ್ಚುಹಾಕಿಸಿತು ಅನ್ನುವಲ್ಲಿಗೆ ಬರುವಾಗ ನಾನು ಬೇಗ ಬೇಗ ಹೇಳಿ ಪುಟ ಮಗುಚುತ್ತಿದ್ದೆ. ಮಕ್ಕಳಿಗೆ ಏನು ಗೊತ್ತು, ಅವರು ಗಡಿಯಾರ ನೋಡುತ್ತಿದ್ದರು.

ಈಗ ಉಳಿದದ್ದು.

ಸೊನ್ನೆ ಬಂದ ವಾರ ಅವಳಪ್ಪ ಫೋನು ಮಾಡಿದರು. "ಸರ, ನಿಮಗ ಮಾರಿ ತೋರಸಲಿಕ್ಕೆ ನಾಚಿಕಿ ಆಗತೈತ್ರಿ. ಒಂದ್ಸಲ ಮನಿಗೆ ಬರ್ರಿ," ಅಂದರು. ಎಲ್ಲ ಗೊತ್ತಾಗಿದೆ ಅಂದುಕೊಂಡೆ. ದೇವರಾಣೆ, ಒಂದು ಕ್ಷಣ ಹಗುರವೇ ಆಯಿತು. ಬೈಯಲಿ, ಹೊಡೆಯಲಿ, ಮುಗಿದುಹೋಗಲಿ ಅಂತ ಭಾನುವಾರ ಹೋದೆ.

ಬಾಗಿಲು ತೆರೆದವರೇ ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣು ಕೆಂಪಾಗಿದ್ದವು.

"ತಪ್ಪಾತ್ರಿ ಸರ. ನೀವು ಎರಡೆರಡು ಬಸ್ ಹಿಡಿದು ಬಂದು ಹೇಳಿಕೊಟ್ರಿ. ಇಕಿ ನಿಮ್ಮ ನೋಟ್ಸ್ ಬಾಜೂಕಿಟ್ಟು, ಯಾವುದೋ ಬುಕ್ ಕಾಪಿ ಹೊಡದಾಳಂತ್ರಿ. ತಾನ ಒಪ್ಪಿಕೊಂಡಾಳ. ನಮ್ಮ ಮನತನದಾಗ ಯಾರೂ ಹಿಂಗ ಮಾಡಿದ್ದಿಲ್ಲ. ಆಕಿ ಜೋಡಿ ಮಾತು ಬಿಟ್ಟು ನಾಕು ದಿನ ಆತ್ರಿ."

ಹುಡುಗಿ ಸೋಫಾದ ತುದಿಯಲ್ಲಿ ಕೂತಿದ್ದಳು. ತಾಯಿ ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಅಪ್ಪ ನನ್ನನ್ನು ಅವಳ ಎದುರು ಕೂರಿಸಿದರು.

"ನೀವ ಒಂದ ನಾಕ ಮಾತು ಬುದ್ಧಿ ಹೇಳ್ರಿ ಸರ. ನಾ ಬಸ್ ಹೊಡಿಯಾಂವ, ನನಗ ಹೇಳಾಕ ಬರಂಗಿಲ್ಲ. ನಿಮ್ಮ ಮ್ಯಾಲೆ ಆಕಿಗೆ ಭಾಳ ಗೌರವ ಐತಿ."

ಮನೆಯಲ್ಲಿ ನಾವು ನಾಲ್ಕೇ ಜನ. 'ತಪ್ಪು ನಂದು' ಅನ್ನುವ ಎರಡು ಶಬ್ದ ಸಾಕಿತ್ತು. ಲೈಸೆನ್ಸಿನವರು ಆ ಕೋಣೆಯಲ್ಲಿ ಇರಲಿಲ್ಲ, ಶಾಲೆಯವರೂ ಇರಲಿಲ್ಲ. ಆದರೆ ಆ ಮನುಷ್ಯ ನನ್ನನ್ನು 'ಸರ' ಅಂತ ನೋಡುತ್ತಿದ್ದರು, ಆ ನೋಟ ಬಿಟ್ಟುಕೊಡಲು ನನ್ನಿಂದ ಆಗಲಿಲ್ಲ. ಗಂಟಲು ಸರಿಮಾಡಿಕೊಂಡೆ. ಧಾರವಾಡದ ಕ್ಲಾಸಿನ ದನಿ ತಾನಾಗಿಯೇ ಬಂತು.

"ನೋಡು ತಂಗಿ, ಇನ್ನೊಬ್ಬರು ಬರದದ್ದನ್ನ ನಂದು ಅನ್ನೂದು ಅಂದ್ರ ಕಳವು," ಅಂತ ಶುರುಮಾಡಿದೆ. ಹತ್ತು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ, ಅದೇ ನಾಚಿಕೆ. ತಂದೆತಾಯಿ ಪಟ್ಟ ಕಷ್ಟ, ವಿದ್ಯೆಯ ಬೆಲೆ, ಸತ್ಯ, ಎಲ್ಲ ಬಂತು. ಅವಳಪ್ಪ ತಲೆಯಾಡಿಸುತ್ತ ಕಣ್ಣೊರೆಸಿಕೊಂಡರು. ಹುಡುಗಿ ಮಾತ್ರ ತಲೆ ತಗ್ಗಿಸಲಿಲ್ಲ, ಅಷ್ಟು ಹೊತ್ತೂ ನನ್ನ ಮುಖವನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಇವನು ಎಲ್ಲಿಯ ತನಕ ಹೋಗುತ್ತಾನೆ ನೋಡೋಣ ಅಂತ ಕಾಯುವಂತಿತ್ತು.

ನಾನು ಮುಗಿಸಿದೆ. "ತಪ್ಪಾತ್ರಿ," ಅಂದಳು, ಒಂದೇ ಒಂದು ಇಂಗ್ಲಿಷ್ ಶಬ್ದ ಸೇರಿಸದೆ ಇನ್ನೂ ಒಂದು ಮಾತು ಹೇಳಿದಳು: "ಇನ್ನೊಮ್ಮೆ ಹಿಂಗ ಮಾಡಂಗಿಲ್ರಿ."

"ಸರ ಕಾಲಿಗೆ ಬೀಳವಾ," ಅಂದರು ಅವಳಪ್ಪ.

ಅವಳು ಸೋಫಾದಿಂದ ಎದ್ದು ಬಂದು ನನ್ನ ಮುಂದೆ ಬಗ್ಗಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.